ರೊಪ್ಪಕ್ಕೆ ಹಾಸಿದ ಒಲೆ

ಅಣ್ಣ ನನ್ನನ್ನು ನಂಬಿ ಒಪ್ಪಿಸಿ ಹೋದದ್ದನ್ನು ನಾನು ಕಾಯಲಿಲ್ಲ. ಕಾಯದೆ ಇದ್ದುದಷ್ಟೇ ಅಲ್ಲ, ನನ್ನ ಕೈಯಾರೆ ಒಡೆದೆ. ಒಡೆದವರು ಯಾರು ಎಂದು ನಾಲ್ಕು ಜನರ ಮುಂದೆ ಕೇಳಿದಾಗ ಬಾಯಿ ಬಿಡಲಿಲ್ಲ. ಮಾತು ಅವನ ಮೇಲೆ ಬಂತು. ಆರು ವರ್ಷ ಅವನು ಅದನ್ನು ಹೊತ್ತ. ನಾನು ಅದೇ ಮನೆಯಲ್ಲಿ, ಅವನ ಎದುರಿಗೇ ಕೂತು ಉಂಡೆ.

ಹೋದ ತಿಂಗಳು ಅಣ್ಣ ನಮ್ಮ ಹಳೆಯ ಕುರಿ ರೊಪ್ಪವನ್ನು ಕಿತ್ತು, ನೆಲದಿಂದ ಮೇಲಕ್ಕೆ ಹಲಗೆ ಹಾಸುವ ಹೊಸ ಶೆಡ್ ಕಟ್ಟಲು ಹೊರಟ. ಕಂಬಕ್ಕೆ ಗುಂಡಿ ತೋಡುತ್ತಿದ್ದ. ಹಿಂದಿನ ದಿನ ಮಳೆ ಬಂದಿತ್ತು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಕಿಟಕಿಯಿಂದ ಒಂದು ವಾಸನೆ ಬಂತು. ನೆನೆದ ಗೊಬ್ಬರದ್ದು, ಅದರ ಅಡಿಯಿಂದ ತುಕ್ಕು ಹಿಡಿದ ಕಬ್ಬಿಣದ್ದು. ಮೊಳೆ ಬಾಯಲ್ಲಿಟ್ಟುಕೊಂಡರೆ ನಾಲಿಗೆಗೆ ಹತ್ತುತ್ತದಲ್ಲ, ಅಂಥದ್ದು. ರೊಟ್ಟಿಯ ಮೇಲೆ ಕೈ ನಿಂತಿತು. ಆ ವಾಸನೆ ಯಾವ ವರ್ಷದ್ದೆಂದು ನನಗೆ ಗೊತ್ತಿತ್ತು.

ನಮ್ಮೂರು ಹೊಸದುರ್ಗ ತಾಲ್ಲೂಕಿನಲ್ಲಿ, ಬಾಗೂರು ದಾಟಿ ಒಂದಿಷ್ಟು ದೂರ ಹೋಗಬೇಕು. ಊರ ಹಿಂದೆ ಗುಡ್ಡ. ಗುಡ್ಡದ ಬುಡದಲ್ಲಿ ನಮ್ಮ ಎರಡೆಕರೆ ಕಲ್ಲು ಹೊಲ, ಹೊಲದ ಮೂಲೆಯಲ್ಲಿ ಒಂದು ದಿಬ್ಬ. ಅದರ ತುಂಬ ಕಪ್ಪು ಕಲ್ಲಿನಂಥ ಉಂಡೆಗಳು. ಕಾದ ಬೆಲ್ಲ ಸೋರಿ ಹಾಗೇ ಗಟ್ಟಿಯಾದಂತೆ ಕಾಣುತ್ತವೆ, ಕೈಗೆ ತೆಗೆದುಕೊಂಡರೆ ಕಲ್ಲಿಗಿಂತ ಭಾರ. ಊರಲ್ಲಿ ಅದನ್ನು ಕಿಟ್ಟದ ದಿಬ್ಬ ಅನ್ನುತ್ತಾರೆ. ಕಬ್ಬಿಣ ಕರಗಿಸುವಾಗ ಬೇರೆಯಾಗುವ ಕಸವೇ ಕಿಟ್ಟ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದನ್ನು ಅಲ್ಲಿ ಕರಗಿಸಿದವರು ಯಾರು, ಯಾವ ಕಾಲದಲ್ಲಿ, ಎಂದು ಯಾರೂ ಕೇಳಿಕೊಂಡಿರಲಿಲ್ಲ. ನಮ್ಮ ಅಣ್ಣ ಒಬ್ಬನೇ ಕೇಳಿಕೊಂಡವನು.

ಅಣ್ಣ ತಿಪ್ಪೇಶಪ್ಪ ಶಾಲೆಗೆ ಹೋದವನಲ್ಲ. ಬುದ್ಧಿ ಬಂದಾಗಿನಿಂದ ಕುರಿಯ ಹಿಂದೆ ನಡೆದವನು. ನಡೆಯುವಾಗ ಅವನ ಕಣ್ಣು ನೆಲದ ಮೇಲೇ ಇರುತ್ತಿತ್ತು. ದಿಬ್ಬದ ಮೇಲೆ ಹುಲ್ಲು ಯಾಕೆ ಸರಿಯಾಗಿ ಹುಟ್ಟುವುದಿಲ್ಲ, ಚಳಿಗಾಲದ ಬೆಳಿಗ್ಗೆ ಕುರಿಗಳು ಯಾಕೆ ಅಲ್ಲಿಗೇ ಹೋಗಿ ಮಲಗುತ್ತವೆ ಎಂದು ಯೋಚಿಸುತ್ತಿದ್ದ. ಅಲ್ಲಿ ಸಿಗುವ ಸುಟ್ಟ ಮಣ್ಣಿನ ಕೊಳವೆ ಚೂರುಗಳನ್ನು ಕಂಬಳಿಯ ಮೂಲೆಗೆ ಕಟ್ಟಿಕೊಂಡು ಬಂದು ಅಟ್ಟದ ಮೇಲೆ ಒಂದು ಗೋಣಿಚೀಲಕ್ಕೆ ಹಾಕುತ್ತಿದ್ದ. ನಾನು ಏಳನೇ ಕ್ಲಾಸು ಮುಗಿಸಿ, ಮದುವೆಯಾಗಿ, ಆ ಮನೆಯಲ್ಲಿ ಬಾಳಲಾಗದೆ ಅಣ್ಣನ ಮನೆಗೆ ವಾಪಸು ಬಂದಿದ್ದೆ. ಯಾಕೆ ಬಂದೆ ಎಂದು ಅವನು ಕೇಳಲಿಲ್ಲ. ಬಂದ ವಾರಕ್ಕೇ ಮರಿಗಳ ಜವಾಬ್ದಾರಿ ನನಗೆ ಕೊಟ್ಟ. ಗಂಡನ ಮನೆಯಲ್ಲಿ ಉಪ್ಪಿನ ಡಬ್ಬಿಯೂ ನನ್ನ ಕೈಗೆ ಬಂದಿರಲಿಲ್ಲ.

ಆರು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮೇಲೆ ಗುಡ್ಡದ ಮೇಲೆ ನಾಲ್ಕೈದು ಜನ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದರು. ದೂರದ ಊರಿನ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಮೇಡಮ್ಮೋರು, ಅವರ ಹತ್ತಿರ ಓದುವ ಹುಡುಗಿಯರು. ಕುರಿ ಹೊಡೆದುಕೊಂಡು ಹೋಗಿದ್ದ ಅಣ್ಣ ಸ್ವಲ್ಪ ಹೊತ್ತು ನೋಡಿ ಕೇಳಿದನಂತೆ.

"ಏನು ಕಳಕಂಡ್ರಿ? ಹೇಳ್ರಿ, ನಾನೂ ಹುಡುಕ್ತೀನಿ."

"ನಾವು ಕಳಕೊಂಡಿಲ್ಲಪ್ಪ. ಹಿಂದಿನ ಕಾಲದವರು ಇಲ್ಲಿ ಕಬ್ಬಿಣ ಮಾಡ್ತಿದ್ರಾ ಅಂತ ನೋಡ್ತಾ ಇದೀವಿ."

"ಹಂಗಾದ್ರೆ ಮ್ಯಾಲೆ ಯಾಕ್ ಒದ್ದಾಡ್ತೀರಿ. ಇಲ್ಲಿ ಬರೀ ಕಲ್ಲು ಐತೆ. ಕೆಳಗೆ ಬರ್ರಿ. ನಮ್ಮನೇಲಿ ಒಂದು ಚೀಲ ಐತೆ."

ಅಟ್ಟದ ಚೀಲವನ್ನು ಅಂಗಳದಲ್ಲಿ ಸುರಿದ. ಮೇಡಮ್ಮೋರು ನೆಲದ ಮೇಲೇ ಕುಳಿತುಬಿಟ್ಟರು. ಒಂದು ಕೊಳವೆ ಚೂರನ್ನು ಎತ್ತಿ ಅದರ ತೂತಿನಿಂದ ಆಕಾಶ ನೋಡಿದರು. ಅದರ ಒಂದು ತುದಿ ಕರಗಿ ಬಳೆ ಗಾಜಿನ ಹಾಗೆ ಹೊಳೆಯುತ್ತಿತ್ತು. "ಈ ಕಡೆಗೆ ತಿದಿ ಕಟ್ಟಿ ಗಾಳಿ ಊದ್ತಿದ್ರು. ಈ ತುದಿ ಒಲೆಯ ಒಳಗೆ ಇರ್ತಿತ್ತು. ಆ ಬೆಂಕಿಗೆ ಮಣ್ಣೂ ಕರಗಿದೆ ನೋಡಿ," ಅಂದರು. ಅಣ್ಣ ಅವರ ಬಾಯನ್ನೇ ನೋಡುತ್ತಿದ್ದ.

ನಮ್ಮ ಅತ್ತಿಗೆ ಗೌರಮ್ಮ ಟೀ ತಂದಳು. "ಇದನ್ನ ಬಿಸಾಕು ಬಿಸಾಕು ಅಂತ ಎಂಟು ವರ್ಷದಿಂದ ಬಡ್ಕಂಡೆ. ಬಿಸಾಕಿದ್ರೆ ನಂಗೆ ಇವತ್ತು ಐದು ಲೋಟ ತೊಳೆಯೋದು ತಪ್ತಿತ್ತು," ಅಂದಳು. ಮೇಡಮ್ಮೋರು ನಕ್ಕು, "ಇನ್ನು ದಿನಾ ತೊಳೀಬೇಕಾಗುತ್ತೆ ಗೌರಮ್ಮ," ಅಂದರು. ಹಾಗೇ ಆಯಿತು.

ಸರ್ಕಾರದ ಅಪ್ಪಣೆ ಪತ್ರ ಬಂದ ಮೇಲೆ ಬೇಸಿಗೆಯಲ್ಲೆಲ್ಲ ದಿಬ್ಬ ಅಗೆದರು. ಅಗೆದರು ಅನ್ನುವುದಕ್ಕಿಂತ ಕೆರೆದರು ಅನ್ನಬೇಕು. ಹಾರೆ ಗುದ್ದಲಿಯ ಕೆಲಸ ಬಹಳ ಇರಲಿಲ್ಲ. ಗಾರೆಯವರು ಹಿಡಿಯುವಂಥ ಸಣ್ಣ ಕರಣೆ, ಬ್ರಷ್ಷು, ದಾರ, ಟೇಪು. ಅಣ್ಣ ಎರಡೇ ದಿನದಲ್ಲಿ ಅದನ್ನು ಕಲಿತ. ಮಣ್ಣಿನ ಬಣ್ಣ ಬದಲಾದ ಕೂಡಲೇ ಕೈ ಎತ್ತುತ್ತಿದ್ದ. "ಇಲ್ಲಿ ಪದರ ಬದಲಾತು ಮೇಡಂ" ಅನ್ನುತ್ತಿದ್ದ. ಓದಿದ ಹುಡುಗಿಯರಿಗೆ ಕಾಣದ ಗೆರೆ ಅವನಿಗೆ ಕಾಣುತ್ತಿತ್ತು. ನನ್ನ ಅಕ್ಷರ ದುಂಡಗಿದೆ ಎಂದು ಮೇಡಮ್ಮೋರು ಚೀಲಗಳ ಚೀಟಿ ಬರೆಯುವ ಕೆಲಸ ನನಗೆ ಕೊಟ್ಟರು. ಯಾವ ಗುಂಡಿ, ಯಾವ ಪದರ, ಎಷ್ಟು ಆಳ, ಏನು ಸಿಕ್ಕಿತು. ಕಿಟ್ಟ. ಕೊಳವೆ ಚೂರು. ಸುಟ್ಟ ಮಣ್ಣು. ಮೂಸೆ ಚೂರು. ಮೂಸೆ ಅಂದರೆ ಉಕ್ಕು ಮಾಡಲು ಕಬ್ಬಿಣವನ್ನು ತುಂಬಿ ಕಾಯಿಸುವ ಮಣ್ಣಿನ ಕುಡಿಕೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಯಾರೂ ಅಂದುಕೊಳ್ಳಬಾರದು. ನನಗೆ ತಿಳಿದಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಒಲೆ ಸಿಕ್ಕಿತು. ನೆಲದೊಳಗೆ ಬಾವಿಯ ಹಾಗೆ ದುಂಡಗೆ, ನಾನು ಕಾಲು ಮಡಚಿ ಕುಳಿತರೆ ಹಿಡಿಸುವಷ್ಟು. ಸುತ್ತ ಗೋಡೆ ಸುಟ್ಟು ಇಟ್ಟಿಗೆಯಂತೆ ಕೆಂಪಾಗಿತ್ತು. ಒಳಗೆ ಒಂದು ದೊಡ್ಡ ಕಿಟ್ಟದ ಗಡ್ಡೆ ಮುಚ್ಚಳ ಹಾಕಿದಂತೆ ಕೂತಿತ್ತು. ಅದರ ಅಂಚಿನ ಸಂದಿಯಿಂದ ಕೆಳಗೆ ಇದ್ದಿಲು ಕಾಣುತ್ತಿತ್ತು.

"ಎಷ್ಟು ವರ್ಷದ್ದಿರಬಹುದು ಮೇಡಂ?" ಅಣ್ಣ ಕೇಳಿದ. "ಪಾಳೇಗಾರರ ಕಾಲದ್ದಾ, ಅದಕ್ಕೂ ಹಿಂದಿನದ್ದಾ?"

"ಈಗ ಹೇಳಿದ್ರೆ ಸುಳ್ಳು ಹೇಳಿದ ಹಾಗೆ, ತಿಪ್ಪೇಶಪ್ಪ. ಆ ಇದ್ದಿಲು ಹೇಳ್ಬೇಕು. ಮರ ಕಡಿದ ದಿನದಿಂದ ಅದರೊಳಗೆ ಒಂದು ಲೆಕ್ಕ ಶುರುವಾಗಿರುತ್ತೆ. ಅದನ್ನ ಓದೋಕೆ ಬರುತ್ತೆ."

"ಮೇಲೆಲ್ಲ ಇದ್ದಿಲು ಸಿಕ್ತಲ್ಲ, ಅದು ಆಗಲ್ವಾ?"

"ಅದು ನಿಮ್ಮ ತಾತ ಚಳಿ ಕಾಯಿಸಿದ ಬೆಂಕೀದೂ ಆಗಿರಬಹುದು. ಇದು ಹಾಗಲ್ಲ. ಗಡ್ಡೆಯ ಕೆಳಗಿದೆ. ಒಲೆ ಆರಿದ ಮೇಲೆ ಇದನ್ನ ಯಾರೂ ಮುಟ್ಟಿಲ್ಲ. ನಾವೂ ಬರಿಗೈಲಿ ಮುಟ್ಟಬಾರದು. ನಮ್ಮ ಎಣ್ಣೆ ಬೆವರು ಸೇರಿದ್ರೆ ಲೆಕ್ಕ ಕೆಡುತ್ತೆ."

ಅಣ್ಣ ಅವತ್ತು ಬಹಳ ಹೊತ್ತು ಒಲೆಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತಿದ್ದ. ಮನೆಗೆ ಬರುವಾಗ ದಾರಿಯಲ್ಲಿ ಒಂದೇ ಮಾತು ಹೇಳಿದ. "ಯಾರೋ ಊದಿ ಊದಿ ಸುಸ್ತಾಗಿ ಇಲ್ಲೇ ಕುಂತಿರ್ತಾರೆ ಅಲ್ವೇನೆ ಕೆಂಚಿ. ಅವರ ಹೆಸರು ಸಿಗಲ್ಲ. ಕಾಲ ಆದ್ರೂ ಸಿಗ್ತೈತೆ."

ಇದ್ದಿಲು ತೆಗೆಯಲು ಆ ಕೆಲಸ ಬಲ್ಲ ಬೇರೆಯವರು ಬರಬೇಕಿತ್ತು. ಅವರು ಬರುವ ವಾರಕ್ಕೆ ಮಳೆ ಹಿಡಿಯಿತು. ಮೇಡಮ್ಮೋರು ಒಲೆಯ ಮೇಲೆ ಮರಳು ತುಂಬಿದ ಚೀಲ ಜೋಡಿಸಿ, ಎರಡು ಪದರ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲು ಹೇರಿಸಿದರು. ತೂಕ ಮಾಡಿ ಮುಗಿಸಿದ ಕಿಟ್ಟದ ರಾಶಿಯೂ ಅದೇ ಹಾಳೆಯ ಅಡಿಯಲ್ಲಿತ್ತು. ದೀಪಾವಳಿ ಕಳೆದ ಮೇಲೆ ಬರುತ್ತೇವೆ ಅಂದರು. ಹೊರಡುವಾಗ ಅಣ್ಣನಿಗೆ, "ಮುಂದಿನ ವರ್ಷ ಹಿರಿಯೂರು ಕಡೆ ಗುಡ್ಡಗಳನ್ನ ನೋಡ್ಬೇಕು. ನೀವು ನಮ್ಮ ಜೊತೆ ಬರ್ಬೇಕು. ಓದು ನಮಗಿದೆ, ನಿಮ್ಮ ಕಣ್ಣು ಇಲ್ಲ," ಅಂದರು. ಅಣ್ಣ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. "ಬರ್ರಿ ಮೇಡಂ. ಇದಕ್ಕೆ ನಾನಿದೀನಿ," ಅಂದ.

ಆಷಾಢದಲ್ಲಿ ನಮ್ಮ ಕಡೆ ಹೊಲಗಳಲ್ಲಿ ಬಿತ್ತನೆ ಆಗಿರುತ್ತದೆ, ಕುರಿ ಮೇಯಲು ಜಾಗ ಇರುವುದಿಲ್ಲ. ಹಿರಿಯೂರು ಸೀಮೆಯಲ್ಲಿ ಮಳೆ ಕಡಿಮೆ, ಬಯಲೂ ಉಂಟು. ಪ್ರತಿ ವರ್ಷದಂತೆ ಅಣ್ಣ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಆ ಕಡೆ ಹೊರಟ. ತಾಯಿ ಸತ್ತ ಮರಿಗಳು, ನಡೆಯಲಾರದ ಮರಿಗಳು, ಒಟ್ಟು ಇಪ್ಪತ್ತನಾಲ್ಕು ನನ್ನ ಪಾಲಿಗೆ ಉಳಿದವು.

"ದಿನಾ ಒಂದ್ಸರಿ ದಿಬ್ಬಕ್ಕೆ ಹೋಗಿ ಬಾ," ಅಂದ. "ಹಾಳೆ ಹಾರಿದ್ರೆ ಕಲ್ಲು ಹೇರು. ಒಳಗೆ ಮಾತ್ರ ಕೈ ಹಾಕ್ಬ್ಯಾಡ."

"ಚೀಟಿ ಬರೆದೋಳು ನಾನು. ನಂಗೇ ಹೇಳ್ಕೊಡ್ತೀಯಾ?"

"ಅದಕ್ಕೇ ನಿಂಗೆ ಹೇಳ್ತಿರೋದು. ಬ್ಯಾರೇರಿಗೆ ಹೇಳಿದ್ರೆ ಅರ್ಥ ಆಗಲ್ಲ."

ಅವನು ಹೋದ ಎಂಟು ದಿನಕ್ಕೆ ತುರುವನೂರಿನಲ್ಲಿ ಅತ್ತಿಗೆಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅತ್ತಿಗೆ ಅಲ್ಲಿಗೆ ಹೋದಳು. ಮನೆಯಲ್ಲಿ ನಾನೊಬ್ಬಳೇ.

ನಮ್ಮ ಸೀಮೆಯಲ್ಲಿ ಮಳೆಗಾಗಿ ಕಾಯುವುದೇ ಹೆಚ್ಚು. ಆ ವರ್ಷ ಮಾತ್ರ ಶ್ರಾವಣ ಹುಟ್ಟಿದ ಮೇಲೆ ಬಿಡುವಿಲ್ಲದೆ ಹಿಡಿಯಿತು. ಗುಡುಗಿಲ್ಲ, ಸಿಡಿಲಿಲ್ಲ, ಸಣ್ಣಗೆ ಸುರಿಯುತ್ತಲೇ ಇತ್ತು. ರೊಪ್ಪದ ನೆಲ ಕೆಸರಾಯಿತು. ಗೊಬ್ಬರ, ಗಂಜಲ, ನೀರು ಎಲ್ಲ ಒಂದಾಗಿ ಮರಿಗಳ ಕಾಲು ಹೂತುಹೋಗುತ್ತಿದ್ದವು. ಒಂದು ಬೆಳಿಗ್ಗೆ ಒಂದು ಮರಿ ಮುಂಗಾಲು ಮಡಚಿ ಮಂಡಿಯ ಮೇಲೆ ನಿಂತು ಸೊಪ್ಪು ತಿನ್ನುತ್ತಿತ್ತು. ಎತ್ತಿ ನೋಡಿದೆ. ಗೊರಸಿನ ಸಂದಿ ಬೆಳ್ಳಗೆ ಬೆಂದು ನಾರುತ್ತಿತ್ತು. ಮರುದಿನ ಇನ್ನೂ ನಾಲ್ಕು. ಪಶು ಡಾಕ್ಟರು ಬಂದು ಸೂಜಿ ಹಾಕಿದರು. "ಔಷಧಿ ಒಂದೇ ಸಾಲದಮ್ಮ. ನೆಲ ಒಣಗಿರಬೇಕು," ಎಂದು ಹೇಳಿ ಹೋದರು. ವಾರದಲ್ಲಿ ಮೂರು ಮರಿ ಸತ್ತವು.

ನೀರು ಇಂಗುವಂತೆ ನೆಲಕ್ಕೆ ಸಣ್ಣ ಕಲ್ಲಿನ ಗರಸು ತುಂಬಬೇಕಿತ್ತು. ಗರಸು ಇರುವುದು ಹಳ್ಳದಲ್ಲಿ. ಹಳ್ಳ ತುಂಬಿ ಹರಿಯುತ್ತಿತ್ತು. ಎರಡು ಮಂಕರಿ ಮಣ್ಣು ತಂದು ಹಾಕಿದೆ, ಅದೂ ಕೆಸರಾಯಿತು. ಅವತ್ತು ಮಧ್ಯಾಹ್ನ ಹಾಳೆ ನೋಡಿ ಬರಲು ದಿಬ್ಬಕ್ಕೆ ಹೋದೆ. ಗಾಳಿಗೆ ಒಂದು ಮೂಲೆ ಎದ್ದಿತ್ತು. ಕಲ್ಲು ಹೇರಲು ಬಗ್ಗಿದಾಗ ಅಡಿಯಲ್ಲಿದ್ದ ಕಿಟ್ಟದ ರಾಶಿ ಕಂಡಿತು. ಊರೆಲ್ಲ ನೀರಾಗಿದ್ದರೂ ಅದು ಒಣಗಿತ್ತು.

ತೂಕ ಮುಗಿದಿರುವುದು ತಾನೆ, ಮೇಡಮ್ಮೋರಿಗೆ ಇನ್ನು ಬೇಕಿಲ್ಲ ಅಂದುಕೊಂಡೆ. ಆ ದಿನ ಆರು ಮಂಕರಿ ಹೊತ್ತೆ. ಸುತ್ತಿಗೆಯಿಂದ ಸಣ್ಣಗೆ ಒಡೆದು ರೊಪ್ಪದ ಒಂದು ಮೂಲೆಗೆ ಹಾಸಿದೆ. ನೀರು ಅದರ ಸಂದಿಯಲ್ಲಿ ಇಳಿದು ಹೋಯಿತು. ಮರಿಗಳು ತಾವೇ ಬಂದು ಆ ಮೂಲೆಯಲ್ಲಿ ಒತ್ತೊತ್ತಾಗಿ ನಿಂತವು. ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತು ಇದನ್ನು ಬರೆಯಬೇಕಾಗಿರಲಿಲ್ಲ.

ರಾಶಿ ಅರ್ಧ ರೊಪ್ಪಕ್ಕೂ ಸಾಲಲಿಲ್ಲ, ದಿಬ್ಬದ ಮಿಕ್ಕ ಕಿಟ್ಟ ಕೆಸರಿನಲ್ಲಿ ಹೂತಿತ್ತು. ಮಾರನೆಯ ದಿನ ಮರಳಿನ ಚೀಲ ಸರಿಸಿದೆ. ಸುಟ್ಟ ಮಣ್ಣು ಇಟ್ಟಿಗೆ ಪುಡಿಯಂತೆ ಗಂಜಲ ಹೀರುತ್ತದೆ ಎಂಬುದು ಕುರಿ ಸಾಕುವವರಿಗೆ ಗೊತ್ತು. ಒಲೆಯ ಗೋಡೆಗೆ ಹಾರೆ ಹಾಕಿದೆ. ಅದು ಸುಲಭಕ್ಕೆ ಬರಲಿಲ್ಲ. ಹಾರೆ ತಾಗಿದರೆ ಮಡಕೆ ಬಡಿದಂಥ ಸದ್ದು. ಒಂದೊಂದು ಏಟಿಗೂ ಸುತ್ತ ನೋಡುತ್ತಿದ್ದೆ. ಮಳೆಯಲ್ಲಿ ಯಾರೂ ಇರಲಿಲ್ಲ. ಮಾಡುತ್ತಿರುವುದು ತಪ್ಪಲ್ಲವಾಗಿದ್ದರೆ ಸುತ್ತ ನೋಡುವ ಅಗತ್ಯ ಏನಿತ್ತು?

ಕೊನೆಗೆ ಗಡ್ಡೆಯನ್ನು ಮೀಟಿ ಉರುಳಿಸಿದೆ. ಅಡಿಯಲ್ಲಿ ಇದ್ದಿಲು. ನಿನ್ನೆ ಆರಿದಂತೆ ಕಪ್ಪಗೆ ಮಿರುಗುತ್ತಿತ್ತು. ಒಂದು ತುಂಡಿನಲ್ಲಿ ಮರದ ಸುತ್ತುಗಳು ಎಣಿಸುವಂತೆ ಕಾಣುತ್ತಿದ್ದವು. ನಮ್ಮವ್ವ ಇದ್ದಾಗ ಗೊರಸು ಬೆಂದ ಕುರಿಗೆ ಇದ್ದಿಲನ್ನು ಅರೆದು ಬೇವಿನೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದಳು. ಈಗ ಮನೆಯಲ್ಲಿ ಗ್ಯಾಸು. ಬಚ್ಚಲೊಲೆಯ ಸೌದೆಯೂ ನೆನೆದು ಹೊಗೆಯಾಡುತ್ತಿತ್ತೇ ಹೊರತು ಇದ್ದಿಲು ಆಗುತ್ತಿರಲಿಲ್ಲ. ಆ ತುಂಡನ್ನು ಕೈಗೆ ತೆಗೆದುಕೊಂಡೆ. ಮೇಡಮ್ಮೋರ ಮಾತು, ಅಣ್ಣನ ಮಾತು, ಎರಡೂ ನೆನಪಿದ್ದವು. ಒಂದು ಹಿಡಿ ಅವರಿಗೆ ಉಳಿಸಿದರಾಯಿತು ಅಂದುಕೊಂಡು ಮಿಕ್ಕಿದ್ದನ್ನು ಸೆರಗಿಗೆ ಕಟ್ಟಿಕೊಂಡೆ. ಎರಡು ದಿನ ಬಿಟ್ಟು ಬಂದು ಆ ಒಂದು ಹಿಡಿಯನ್ನೂ ಒಯ್ದೆ.

ಮರಿಗಳು ಉಳಿದವು. ಇಪ್ಪತ್ತೊಂದೂ ಉಳಿದವು. ಹಾಸಿದ ಕಿಟ್ಟ ಚುಚ್ಚಬಾರದೆಂದು, ಮಳೆ ಬಿಟ್ಟ ಮೇಲೆ ಅದರ ಮೇಲೆ ಒಂದು ಗೇಣು ಮಣ್ಣು ಹರಡಿ ಗಟ್ಟಿಯಾಗಿ ಬಡಿದೆ. ಚುಚ್ಚಬಾರದೆಂದು ಮಾತ್ರವಲ್ಲ, ಕಾಣಬಾರದೆಂದೂ ಬಡಿದೆ. ದಿಬ್ಬದ ಗುಂಡಿಗೆ ಮರಳಿನ ಚೀಲಗಳನ್ನು ಮೊದಲಿನಂತೆ ಜೋಡಿಸಿ, ರಾಶಿ ಇದ್ದ ಕಡೆ ದಿಬ್ಬದ ಬೇರೆ ಕಿಟ್ಟ ಆಯ್ದು ಒಟ್ಟಿ, ಹಾಳೆ ಹೊದಿಸಿ, ಅವೇ ಕಲ್ಲುಗಳನ್ನು ಹೇರಿದೆ.

ನವರಾತ್ರಿಗೆ ಮೊದಲು ಅಣ್ಣ ಬಂದ. ಮರಿಗಳನ್ನು ಒಂದೊಂದಾಗಿ ಎತ್ತಿ ಕಾಲು ನೋಡಿದ. ರೊಪ್ಪದ ನೆಲವನ್ನು ಹಿಮ್ಮಡಿಯಿಂದ ಒತ್ತಿದ. "ಒಳ್ಳೆ ಬಡಿದಿದೀಯ ಬಿಡು. ನಾನಿದ್ದಿದ್ರೆ ಅರ್ಧ ಉಳೀತಿರ್ಲಿಲ್ಲ," ಅಂದ. ತುರುವನೂರಿನಿಂದ ಬಂದಿದ್ದ ಅತ್ತಿಗೆ, "ಇನ್ಮ್ಯಾಲೆ ನೀನು ಮನೇಲಿರು, ಕೆಂಚಮ್ಮನ್ನ ಹಿರಿಯೂರಿಗೆ ಕಳಿಸಾಣ," ಅಂದಳು. ಇಬ್ಬರೂ ನಕ್ಕರು. ಅಣ್ಣ ದಿಬ್ಬಕ್ಕೆ ಹೋಗಿ ನೋಡಿದ. ಹಾಳೆ ಇತ್ತು, ಕಲ್ಲು ಇತ್ತು. ಮುಟ್ಟಬೇಡ ಎಂದಿದ್ದಾರೆಂದು ಎತ್ತಿ ನೋಡಲಿಲ್ಲ. ಮನೆಗೆ ಬಂದು ನನ್ನ ಕೈಯಲ್ಲಿ ನಂಬರ್ ತೆಗೆಸಿ ಫೋನ್ ಮಾಡಿದ. "ಎಲ್ಲಾ ಹಂಗೇ ಐತೆ ಮೇಡಂ. ಧೈರ್ಯವಾಗಿ ಬರ್ರಿ."

ಅವರು ಬಂದರು. ಇದ್ದಿಲು ತೆಗೆಯುವವರನ್ನೂ ಕರೆತಂದಿದ್ದರು. ಊರಿನ ಏಳೆಂಟು ಜನ ನೋಡಲು ನಿಂತಿದ್ದರು. ಅಣ್ಣ ತಾನೇ ಕಲ್ಲು ಸರಿಸಿ, ಹಾಳೆಯ ತುದಿ ಹಿಡಿದು ಎತ್ತಿದ. ಚೀಲಗಳನ್ನು ತೆಗೆದ. ಅಡಿಯಲ್ಲಿ ಒಡೆದ ಗುಂಡಿ, ಒಂದು ಕಡೆ ಉರುಳಿದ ಗಡ್ಡೆ.

ಮೇಡಮ್ಮೋರು ಕೂಗಾಡಲಿಲ್ಲ. ಅಂಚಿನಲ್ಲಿ ಕುಳಿತು ಒಳಗಿನ ಮಣ್ಣನ್ನು ಬೆರಳಿನಿಂದ ಸವರಿದರು. "ಇದು ನೀರು ಮಾಡಿದ ಕೆಲಸ ಅಲ್ಲ. ಹಾರೆಯ ಗುರುತಿದೆ. ಯಾರು ತಿಪ್ಪೇಶಪ್ಪ?" ಅಂದರು.

ಅಣ್ಣ ನನ್ನ ಕಡೆ ತಿರುಗಿದ. ಅನುಮಾನದಿಂದ ಅಲ್ಲ, ನನಗೆ ಗೊತ್ತಿರಬಹುದು ಎಂದು. "ನೀನು ದಿನಾ ಬರ್ತಿದ್ದೆಲ್ಲ ಕೆಂಚಿ. ಯಾರಾದ್ರೂ ಕಂಡ್ರಾ?"

"ಮಳೇಲಿ ನಾಲ್ಕು ದಿನ ಬರಕ್ಕೆ ಆಗ್ಲಿಲ್ಲ," ಅಂದೆ. "ಯಾರೋ ಬಂದಿರ್ಬೇಕು. ಈ ಕಡೆ ಟ್ರಾಕ್ಟರ್ ಸದ್ದು ಕೇಳಿತ್ತು."

ಎಷ್ಟು ಸಲೀಸಾಗಿ ಬಂತು ಆ ಮಾತು. ಹಿಂದೆ ನಿಂತಿದ್ದವರಲ್ಲಿ ಒಬ್ಬರು, "ನಿಧಿಗೆ ಅಗೆದವ್ರೆ ಬಿಡ್ರಿ," ಅಂದರು. ಇನ್ನೊಬ್ಬರು, "ಮನೆಯೋರಿಗೆ ಗೊತ್ತಿಲ್ದೆ ಅಗೀತಾರಾ? ಮತ್ತೆ ಅಷ್ಟು ಚೆಂದಾಗಿ ಮುಚ್ತಾರಾ?" ಅಂದರು. ಅಣ್ಣ ಅತ್ತ ನೋಡಲಿಲ್ಲ. "ಕಾಯ್ತೀನಿ ಅಂದೋನು ನಾನು ಮೇಡಂ. ನಾನು ಬಿಟ್ಟು ಹೋಗಬಾರ್ದಿತ್ತು. ತಪ್ಪು ನಂದೇ," ಅಂದ. ಅವನು ಹೇಳಿದ್ದು ಬೇರೆ, ಅಲ್ಲಿದ್ದವರು ಕೇಳಿಸಿಕೊಂಡದ್ದು ಬೇರೆ. ಮೇಡಮ್ಮೋರು ಅವನ ಮುಖ ನೋಡಿ, "ಎಲ್ಲಾ ಹಾಗೇ ಇದೆ ಅಂತ ನೀವೇ ಫೋನ್ ಮಾಡಿದ್ರಿ," ಅಂದರು. ಅಷ್ಟೇ. ಸಂಜೆಯೊಳಗೆ ಸಾಮಾನು ಕಟ್ಟಿಕೊಂಡು ಹೋದರು. ಹಿರಿಯೂರಿನ ಗುಡ್ಡಗಳ ಮಾತು ಮತ್ತೆ ಬರಲಿಲ್ಲ.

ಆಮೇಲೆ ಅಣ್ಣನಿಗೆ ನಿಧಿ ತಿಪ್ಪೇಶಿ ಎಂದು ಹೆಸರು ಬಿತ್ತು. ಹೊಸದುರ್ಗದ ಸಂತೆಯಲ್ಲಿ ಕುರಿ ಕೊಳ್ಳಲು ಬಂದವನೊಬ್ಬ, "ಕೊಪ್ಪರಿಗೆ ಸಿಕ್ಕೋನು ಕುರಿ ಯಾಕ್ ಮಾರ್ತೀಯಪ್ಪ?" ಅಂದನಂತೆ. ನೀರು ಹಿಡಿಯುವ ನಲ್ಲಿಯ ಹತ್ತಿರ ಹೆಂಗಸರು ಅತ್ತಿಗೆಯ ಕೊರಳು ನೋಡುತ್ತಿದ್ದರು. "ಹುಡುಕ್ರಿ ಹುಡುಕ್ರಿ, ಒಳಗೆ ಎರಡು ಸೇರು ಬಂಗಾರ ಐತೆ," ಎಂದು ಅವಳು ಕರಿಮಣಿ ಎತ್ತಿ ತೋರಿಸುತ್ತಿದ್ದಳು. ಮನೆಗೆ ಬಂದು ಕೊಡ ಕುಕ್ಕುತ್ತಿದ್ದಳು. ಅಣ್ಣ ದಿಬ್ಬದ ಕಡೆ ಕುರಿ ಹೊಡೆಯುವುದನ್ನು ನಿಲ್ಲಿಸಿದ. ಅಟ್ಟದ ಚೀಲಕ್ಕೆ ಮತ್ತೆ ಏನೂ ಬೀಳಲಿಲ್ಲ. ಈಗ ಅವನು ನಡೆಯುವಾಗ ತಲೆ ಎತ್ತಿಕೊಂಡು ನಡೆಯುತ್ತಿದ್ದ. ನೋಡುವವರಿಗೆ ಅದು ಜಂಬದಂತೆ ಕಾಣುತ್ತಿತ್ತು. ನೆಲ ನೋಡುವುದನ್ನು ಅವನು ಬಿಟ್ಟಿದ್ದಾನೆಂದು ನನಗೆ ಗೊತ್ತಿತ್ತು.

ಹೇಳಲು ಒಂದು ಸಲ ಹೊರಟಿದ್ದೆ. ಹೊಳಲ್ಕೆರೆಯಲ್ಲಿ ನೆಂಟರ ಮದುವೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆವು. "ಅಣ್ಣ, ಆ ದಿಬ್ಬದ ವಿಷಯ," ಅಂದೆ. "ಆ ಮಾತು ಬ್ಯಾಡ ಬಿಡೇ," ಅಂದ. ಅವನೇ ಬೇಡ ಅಂದನಲ್ಲ ಎಂದು ಅದನ್ನೇ ನೆಪ ಮಾಡಿಕೊಂಡೆ. ಮನೆಯಿಂದ ಕಳಿಸುತ್ತಾನೆಂಬ ಭಯ ನನಗಿರಲಿಲ್ಲ, ಅವನು ಕಳಿಸುವವನಲ್ಲ. ಇನ್ನು ಮುಂದೆ ನನ್ನ ಕೈಗೆ ಏನನ್ನೂ ಒಪ್ಪಿಸುವುದಿಲ್ಲ ಎಂಬುದೇ ಭಯವಾಗಿತ್ತು. ಮರಿಗಳನ್ನು, ಮನೆಯ ಬೀಗವನ್ನು, ತಾನು ಊರಲ್ಲಿಲ್ಲದ ದಿನಗಳನ್ನು.

ಹೋದ ತಿಂಗಳು, ಆ ವಾಸನೆ ಬಂದ ಬೆಳಿಗ್ಗೆ, ನಾನು ಕೈ ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಅಣ್ಣ ಕೂಗಿದ.

"ಕೆಂಚೀ, ಬಿರ್ನೆ ಬಾ ಇಲ್ಲಿ."

ಹಾರೆ ಪಕ್ಕಕ್ಕೆ ಬಿದ್ದಿತ್ತು. ಅಣ್ಣ ಗುಂಡಿಯೊಳಗೆ ಮಂಡಿಯೂರಿ ಕುಡುಗೋಲಿನ ತುದಿಯಿಂದ ಗುಂಡಿಯ ಗೋಡೆಯನ್ನು ಮೆಲ್ಲಗೆ ಕೆರೆಯುತ್ತಿದ್ದ. ಮೇಡಮ್ಮೋರು ಕಲಿಸಿದ ಹಾಗೇ.

"ನೋಡಿಲ್ಲಿ. ಮ್ಯಾಲೆ ಗೊಬ್ರ. ಆಮೇಲೆ ಒಂದು ಗೇಣು ಮಣ್ಣು. ಅದರ ಅಡಿಯಾಗೆ ಕಿಟ್ಟ. ಕೆಂಪಗೆ ಸುಟ್ಟಿದ್ದೂ ಐತೆ. ಗೊತ್ತಾತಾ?"

ನಾನು ಗುಂಡಿಯ ಅಂಚಿಗೆ ಬಗ್ಗಿ ನೋಡಿದೆ.

"ಇನ್ನೊಂದು ಒಲೆ ಕಣೇ. ಅಪ್ಪನ ಕಾಲದಿಂದ ಇದರ ಮ್ಯಾಲೇ ಕುರಿ ಕೂಡಿ ಹಾಕ್ತಿದೀವಿ, ನಮಗೆ ಗೊತ್ತೇ ಇಲ್ಲ."

ಅತ್ತಿಗೆ ಬಾಗಿಲಲ್ಲಿ ನಿಂತು, "ಒಂದು ಒಲೆಗೇ ಊರ ತುಂಬ ಹೆಸರಾತು. ಎರಡನೇದು ಬ್ಯಾರೆ ಬೇಕಾ? ಮುಚ್ಚಿ ಕಂಬ ನೆಡು," ಅಂದಳು.

"ಇಲ್ಲ ಕಣೆ ಗೌರಿ. ಇದರಾಗೆ ಇದ್ದಿಲು ಸಿಕ್ಕಿದ್ರೆ ಆ ಹೆಸರೂ ತೊಳ್ಕಂಡು ಹೋಗ್ತೈತೆ. ಈ ಸರಿ ಎಲ್ಲಿಗೂ ಹೋಗಲ್ಲ ನಾನು. ಇಲ್ಲೇ ಕುಂತು ಕಾಯ್ತೀನಿ."

ಅಂಗಿಗೆ ಕೈ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟ. ಅವನಿಗೆ ಹೆಸರು ಓದಲು ಬರುವುದಿಲ್ಲ, ಯಾವಾಗಲೂ ನಾನೇ ಹುಡುಕಿ ಕೊಡುವುದು. "ಮೇಡಮ್ಮೋರ ನಂಬರ್ ತೆಗಿ," ಅಂದ. ಆರು ವರ್ಷದಲ್ಲಿ ಅವನ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

ನಂಬರು ಇತ್ತು. ಬೆರಳು ಒತ್ತಿದರೆ ಮೇಡಮ್ಮೋರು ಬರಬಹುದು. ಬಂದರೆ ಅವರಿಗೆ ಒಂದು ಗಳಿಗೆ ಸಾಕು. ಸುತ್ತಿಗೆಯಲ್ಲಿ ಒಡೆದ ಕಿಟ್ಟ, ಚೂರಾದ ಒಲೆಯ ಗೋಡೆ. ಆ ಒಲೆ ನಮ್ಮ ರೊಪ್ಪದಲ್ಲಿ ಇದೆ ಎಂದರೆ ಒಡೆದು ತಂದವನು ಅಣ್ಣನೇ ಎಂದು ಊರೆಲ್ಲ ಹೇಳುತ್ತದೆ. ಇಷ್ಟು ದಿನ ಬರೀ ಮಾತಾಗಿದ್ದುದಕ್ಕೆ ಅವನೇ ಕರೆದು ಸಾಕ್ಷಿ ತೋರಿಸಿದಂತೆ ಆಗುತ್ತದೆ.

ಫೋನನ್ನು ಕಟ್ಟೆಯ ಮೇಲಿಟ್ಟೆ.

"ಯಾಕೆ, ನಂಬರ್ ಹೋಗೈತಾ?"

"ಐತೆ."

"ಮತ್ತೆ ಹಚ್ಚು."

"ಇಲ್ಲಿ ಒಲೆ ಇಲ್ಲ ಅಣ್ಣ," ಅಂದೆ. "ಇದು ದಿಬ್ಬದ ಒಲೆನೇ. ನೀನು ಹಿರಿಯೂರಿಗೆ ಹೋದಾಗ ನಾನು ಹಾರೆ ಹಾಕಿ ಒಡೆದು ಇಲ್ಲಿ ಹಾಸಿದೆ. ಇದ್ದಿಲು ಅರೆದು ಮರಿ ಕಾಲಿಗೆ ಹಚ್ಚಿದೆ. ಹಾಳೆ ಮುಚ್ಚಿದೋಳೂ ನಾನೇ. ಟ್ರಾಕ್ಟರ್ ಬಂದಿರ್ಲಿಲ್ಲ, ಯಾರೂ ಬಂದಿರ್ಲಿಲ್ಲ."

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಣ್ಣ ಗುಂಡಿಯೊಳಗೇ ಕುಳಿತ. ಅಂಗೈಯಲ್ಲಿದ್ದ ಕೆಂಪು ಚೂರನ್ನು ಒಮ್ಮೆ ತಿರುಗಿಸಿ ನೋಡಿದ. ನನ್ನನ್ನು ನೋಡಲಿಲ್ಲ. ನಾನು ಅವನ ಎದುರಿಗೆ ಕೆಸರಿನಲ್ಲೇ ಕುಳಿತೆ. ನಿಂತು ಹೇಳುವ ಮಾತಾಗಿರಲಿಲ್ಲ ಅದು.

"ನೀನು ನಂಬಿ ಕೊಟ್ಟೆ, ನಾನು ಹಾಳು ಮಾಡ್ದೆ. ನಿನ್ನ ಕಳ್ಳ ಅಂದಾಗ್ಲೂ ಪಕ್ಕದಾಗೆ ನಿಂತು ಸುಮ್ನಿದ್ದೆ. ಮೇಡಮ್ಮೋರಿಗೂ ನಾನೇ ಹೇಳ್ತೀನಿ, ಊರೋರಿಗೂ ನಾನೇ ಹೇಳ್ತೀನಿ. ಹೊಟ್ಟೆಗೆ ಹಾಕ್ಕ ಅಂತ ಕೇಳಲ್ಲ. ತಪ್ಪಾತು ಅಣ್ಣ. ನಂದೇ ತಪ್ಪಾತು."